ಅಕ್ಕಯ್ಯಮ್ಮ ಮುಟ್ಟದ ಪೀಸು

ಮೂಡಲಪಾಳ್ಯದ ಒಳರಸ್ತೆಯೊಂದರಲ್ಲಿ, ಮೊದಲು ದನದ ಕೊಟ್ಟಿಗೆಯಿದ್ದ ಜಾಗದಲ್ಲಿ, ಅಕ್ಕಯ್ಯಮ್ಮನ ಶೆಡ್ಡಿದೆ. ಬೋರ್ಡು ಗೀರ್ಡು ಏನೂ ಇಲ್ಲ. ಗೇಟಿನ ಪಕ್ಕ ಗೋಣಿಚೀಲ ಹಾಸಿಕೊಂಡು, ದಂಟು, ಸಬ್ಬಸಿಗೆ, ಮೆಂತ್ಯದ ಕಟ್ಟುಗಳಿಗೆ ನೀರು ಚಿಮುಕಿಸುತ್ತ ಸೊಪ್ಪು ಮಾರುವ ಬೋರಮ್ಮ ಕೂತಿದ್ದರೆ ಅದೇ ಶೆಡ್ಡು ಎಂದು ತಿಳಿಯಬೇಕು. ಫೋನಿನ ಮ್ಯಾಪ್ ನಂಬಿಕೊಂಡು ಬಂದವರು ಪಕ್ಕದ ಬೀದಿಯ ಹಿಟ್ಟಿನ ಗಿರಣಿಯ ಮುಂದೆ ಹೋಗಿ ನಿಲ್ಲುತ್ತಾರೆ.

ಅಲ್ಲಿ ಆಗುವ ಕೆಲಸವನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ಯಾವುದೇ ಸಾಮಾನು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ಮುಂಚೆ ಒಂದೇ ಒಂದನ್ನು ಮಾಡಿ ನೋಡಬೇಕಲ್ಲ, ಆ ಒಂದನ್ನು ಅಕ್ಕಯ್ಯಮ್ಮ ಮಾಡಿಕೊಡುತ್ತಾಳೆ. ಕುಕ್ಕರಿನ ಹಿಡಿ, ಸ್ಕೂಟರಿನ ಡಿಕ್ಕಿಯ ಬೀಗ, ಆಸ್ಪತ್ರೆಯ ಮಂಚ ಏರಿಸಿ ಇಳಿಸುವ ಹ್ಯಾಂಡಲ್. ಡ್ರಾಯಿಂಗ್ ಕೊಟ್ಟರೆ ಸಾಕು, ಲೋಹದ ತುಂಡೊಂದು ಹದಿನೈದು ದಿನದಲ್ಲಿ ಆ ಡ್ರಾಯಿಂಗಿನಿಂದ ಎದ್ದು ಬಂದಂತೆ ಬರುತ್ತದೆ. ಸಾವಿರ ಮಾಡಿ ಮಾರಿದವರ ಫೋಟೋ ಪೇಪರಿನಲ್ಲಿ ಬರುತ್ತದೆ. ಮೊದಲನೆಯದನ್ನು ಮಾಡಿಕೊಟ್ಟವರ ಫೋಟೋ ಅವರ ಆಧಾರ್ ಕಾರ್ಡು ಬಿಟ್ಟರೆ ಇನ್ನೆಲ್ಲೂ ಇರುವುದಿಲ್ಲ. ಇದು ಯಾವ ನ್ಯಾಯವೋ ಗೊತ್ತಿಲ್ಲ, ಆದರೆ ಇರುವುದೇ ಹೀಗೆ.

ಶೆಡ್ಡಿಗೊಂದು ಪದ್ಧತಿಯಿದೆ. ಮೊದಲ ಪೀಸು ಗಿರಾಕಿಯ ಕೈಗೆ ಹೋಗುವ ಮುಂಚೆ ಬೋರಮ್ಮನ ಕೈಗೆ ಹೋಗಬೇಕು. ಹೀಗೆ ಹಿಡಿ, ಹಾಗೆ ತಿರುಗಿಸು ಎಂದು ಯಾರೂ ಹೇಳಿಕೊಡಕೂಡದು. ಬೋರಮ್ಮ ಒದ್ದೆ ಕೈಯನ್ನು ಸೆರಗಿಗೂ ಒರೆಸದೆ ಹಾಗೇ ತೆಗೆದುಕೊಳ್ಳುತ್ತಾಳೆ. ತೆರೆಯಬೇಕಾದ್ದು ತೆರೆದರೆ ಸರಿ. ಅವಳು ತಲೆಕೆಳಗಾಗಿ ಹಿಡಿದು ಎಳೆದರೆ ತಪ್ಪು ಅವಳದ್ದಲ್ಲ, ಸಾಮಾನಿನದು. ಲ್ಯಾಪ್‌ಟಾಪ್ ತಗುಲಿಹಾಕಿಕೊಂಡು ಬರುವ ಎಂಜಿನಿಯರುಗಳು ಮೊದಲು ಇದನ್ನು ನೋಡಿ ಮುಸಿಮುಸಿ ನಗುತ್ತಾರೆ. ಆರು ತಿಂಗಳು ತಲೆ ಕೆಡಿಸಿಕೊಂಡು ಡಿಸೈನ್ ಮಾಡಿದ ಮುಚ್ಚಳವನ್ನು ಬೋರಮ್ಮ ಕಿತ್ತು ಅವರ ಕೈಗೇ ಕೊಟ್ಟಾಗ ನಗು ನಿಲ್ಲುತ್ತದೆ. ಬೋರಮ್ಮನಿಗೆ ಇದರಿಂದ ಸಿಗುವುದು ಎರಡು ಹೊತ್ತಿನ ಕಾಫಿ, ಮತ್ತೆ ಯಾರನ್ನು ಬೇಕಾದರೂ ಬೈಯುವ ಹಕ್ಕು.

ಅಕ್ಕಯ್ಯಮ್ಮನಿಗೆ ಈಗ ಅರವತ್ತೊಂದು. ಅವಳ ಅಪ್ಪನಿಗೆ ಮಲ್ಲತ್ತಹಳ್ಳಿ ಕೆರೆಯ ಆಚೆ ರಾಗಿ ಹೊಲವಿತ್ತು. ಹೊಲ ಲೇಔಟ್ ಆಯಿತು, ತಮ್ಮ ಭೈರೇಶ ಮೂರು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟ. ಪಾಲು ಮಾಡುವ ದಿನ ಅಕ್ಕಯ್ಯಮ್ಮ ತನಗೆ ಕೊಟ್ಟಿಗೆ ಸಾಕು ಎಂದಾಗ ಎಲ್ಲರೂ ಬಾಯಿ ಮೇಲೆ ಬೆರಳಿಟ್ಟುಕೊಂಡರು. ಅವಳ ತಲೆಯಲ್ಲಿ ಆಗಲೇ ಲೇತ್ ಎಲ್ಲಿ, ಮಿಲ್ಲಿಂಗ್ ಮೆಷಿನ್ ಎಲ್ಲಿ ಎಂದು ಗೀಟು ಬಿದ್ದಿತ್ತು. ಐಟಿಐನಲ್ಲಿ ಫಿಟ್ಟರ್ ಓದಿದ ಮೂವತ್ತಾರು ಜನರಲ್ಲಿ ಅವಳೊಬ್ಬಳೇ ಹುಡುಗಿ. ಆಮೇಲೆ ದೊಡ್ಡ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ದುಡಿದಳು, ಅಲ್ಲೂ ಒಬ್ಬಳೇ.

ಆ ಟೂಲ್ ರೂಮಿನಲ್ಲಿ ನಡೆದ ಒಂದು ಸಂಗತಿಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಡ್ರಾಯಿಂಗಿನಲ್ಲಿ ತಪ್ಪು ಕಂಡು, ಮೇಲಿನ ಮಹಡಿಗೆ ಹೋಗಿ ಹೇಳಿದಳು. ಅಲ್ಲಿದ್ದ ಸಾಹೇಬರು ನಕ್ಕು, ಪಾಪ, ಹುಡುಗಿಗೆ ಡ್ರಾಯಿಂಗ್ ಓದಲು ಬರುವುದಿಲ್ಲ, ಯಾರಾದರೂ ಕಲಿಸಿಕೊಡ್ರಪ್ಪ ಎಂದರು. ತಪ್ಪಿದ್ದದ್ದು ಡ್ರಾಯಿಂಗೇ ಎಂದು ಆರು ವಾರದ ಮೇಲೆ ಗೊತ್ತಾಯಿತು. ಅವಳನ್ನು ಕರೆದು ಒಂದು ಮಾತು ಆಡುವುದಿರಲಿ, ಯಾರೂ ಆ ಸುದ್ದಿಯನ್ನೇ ಎತ್ತಲಿಲ್ಲ. ಅಂದಿನಿಂದ ಅಕ್ಕಯ್ಯಮ್ಮ ಹೇಳುವುದನ್ನು ಬಿಟ್ಟಳು. ಡ್ರಾಯಿಂಗಿನಲ್ಲಿ ತಪ್ಪು ಕಂಡರೆ ಲೋಹ ತೀಡುವ ಅರವನ್ನು ಕೈಗೆ ತೆಗೆದುಕೊಂಡು, ಬೇಕಾದ ಕಡೆ ನಾಲ್ಕು ಏಟು ಎಳೆದು, ಸರಿ ಮಾಡಿ ಕೊಟ್ಟುಬಿಡುವಳು. ಅವಳು ಮಾಡಿದ ಪೀಸು ತಪ್ಪುವುದೇ ಇಲ್ಲ ಎಂಬ ಹೆಸರು ಹಾಗೆ ಬಂತು. ವರ್ಷಗಳು ಉರುಳಿದ ಹಾಗೆ ಆ ನಾಲ್ಕು ಏಟು ಎಳೆಯುವುದು ಅವಳಿಗೇ ಗೊತ್ತಾಗದಷ್ಟು ರೂಢಿಯಾಯಿತು.

ಕಳೆದ ವರ್ಷ ಬಸವೇಶ್ವರನಗರದ ರಾಗಿಣಿ ಒಂದು ವಾಕರಿನ ಡ್ರಾಯಿಂಗ್ ಹಿಡಿದು ಬಂದಳು. ಮೂವತ್ತೆರಡರ ಹುಡುಗಿ, ಇದ್ದ ಕೆಲಸ ಬಿಟ್ಟು ಸ್ವಂತ ಕಂಪನಿ ಮಾಡಿದ್ದಳು. ಕಂಪನಿ ಎಂದರೆ ಅವಳು ಮತ್ತು ಒಂದು ಮೇಜು. ಮಂಡಿ ನೋವಿನವರು ಹಿಡಿದು ನಡೆಯುವ ವಾಕರು ಎಲ್ಲ ಕಡೆ ಸಿಗುತ್ತದೆ. ರಾಗಿಣಿಯ ವಾಕರಿನಲ್ಲಿ ಸುಸ್ತಾದಾಗ ಒಂದು ಪುಟ್ಟ ಸೀಟು ಬಿಚ್ಚಿ ಅಲ್ಲೇ ಕೂರಬಹುದು. ಸೀಟು ಬಿಚ್ಚಿದ ಕೂಡಲೆ ಅದರ ಅಡಿಯಲ್ಲಿರುವ ಹೆಬ್ಬೆರಳು ಗಾತ್ರದ ಕೊಕ್ಕೆಯೊಂದು ವಾಕರಿನ ಪಟ್ಟಿಯಲ್ಲಿ ಕೊರೆದ ಕಚ್ಚಿಗೆ ಬಿದ್ದು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕೂತವರ ಭಾರವೆಲ್ಲ ಆ ಕೊಕ್ಕೆಯ ಮೇಲೆ. ಅದು ಜಾರಿತೋ, ಎಪ್ಪತ್ತು ವರ್ಷದ ಸೊಂಟದ ಮೂಳೆ ಮುರಿದಂತೆಯೇ.

ಅಕ್ಕಯ್ಯಮ್ಮ ಮಾಡಿಕೊಟ್ಟ ಪೀಸನ್ನು ರಾಗಿಣಿ ಹತ್ತಾರು ಸಲ ಬಿಚ್ಚಿ ಮಡಿಸಿ ನೋಡಿದಳು. ಬೋರಮ್ಮ ಅದರ ಮೇಲೆ ಕೂತು ಒಂದು ಬುಟ್ಟಿ ಸೊಪ್ಪು ಮಾರಿದಳು. ಶೆಡ್ಡಿನಲ್ಲಿ ಅಕ್ಕಯ್ಯಮ್ಮನ ಜೊತೆ ಕೆಲಸ ಮಾಡುವ, ತಮ್ಮ ಭೈರೇಶನ ಮಗ ಜೀವನ್ ಒಂದು ಮೋಟಾರು ಕಟ್ಟಿ ಸೀಟನ್ನು ಹತ್ತು ಸಾವಿರ ಸಲ ಬಿಚ್ಚಿಸಿ ಮಡಿಸಿ, ಪ್ರತಿ ಸಲವೂ ಭಾರ ಹೇರಿಸಿದ. ಕೊಕ್ಕೆ ಒಂದೇ ಒಂದು ಸಲವೂ ತಪ್ಪಲಿಲ್ಲ. ಇನ್ನೇನು, ಉಕ್ಕಿನ ಡೈ, ಅಂದರೆ ಅಚ್ಚು, ಕೆತ್ತಿಸಿ ಕೊಕ್ಕೆಗಳನ್ನು ಅದರಲ್ಲಿ ಎರಕ ಹೊಯ್ಯಿಸುವುದೊಂದು ಬಾಕಿ. ಡೈ ಕೆಲಸ ಸೋಮವಾರ ಶುರುವಾಗುವುದೆಂದು ನಿಶ್ಚಯವಾಯಿತು. ಉಕ್ಕಿನಲ್ಲಿ ಒಮ್ಮೆ ಕೆತ್ತಿದ ಮೇಲೆ ತಪ್ಪೂ ಸರಿಯೂ ಅಲ್ಲೇ ಕೂತುಬಿಡುತ್ತವೆ. ಅಷ್ಟರೊಳಗೆ ರಾಜಾಜಿನಗರದ ಫಿಸಿಯೋಥೆರಪಿಯವರಿಗೆ ತೋರಿಸಲು ಇನ್ನೆರಡು ವಾಕರು ಬೇಕೆಂದು ರಾಗಿಣಿ ಕೇಳಿದಳು. ಅಕ್ಕಯ್ಯಮ್ಮ ಕೆಂಗೇರಿಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಎರಡು ದಿನ ಹೋಗಬೇಕಾಗಿತ್ತು. ಹಾಗಾಗಿ ಕೊಕ್ಕೆಗಳನ್ನು ಜೀವನ್ ಒಬ್ಬನೇ ಮಾಡಿದ.

ಜೀವನ್ ಅರ ಹಿಡಿಯುವವನಲ್ಲ, ಕಂಪ್ಯೂಟರ್ ಮೆಷಿನ್ನಿನವನು. ಎರಡು ಮಕ್ಕಳ ತಂದೆ, ಅಳತೆಯ ವಿಷಯದಲ್ಲಿ ಬಹಳ ಶಿಸ್ತು. ಡ್ರಾಯಿಂಗಿನಲ್ಲಿ ಏನಿದೆಯೋ ಅದು, ಅದಕ್ಕಿಂತ ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಗುರುವಾರ ಬೆಳಿಗ್ಗೆ ಅಕ್ಕಯ್ಯಮ್ಮ ಕೆಂಗೇರಿಯಿಂದ ಬಂದು ಕಾಫಿ ಕುಡಿಯುತ್ತಿದ್ದಾಗ ಜೀವನ್ ಹೊಸ ವಾಕರೊಂದನ್ನು ಗೇಟಿನ ಬಳಿ ಇಟ್ಟ. ಬೋರಮ್ಮ ಬಿಚ್ಚಿದಳು, ಕೂತಳು, ಎದ್ದಳು, ಮತ್ತೆ ಮಡಿಸಿ ಬಿಚ್ಚಿ ಕೂತಳು. ಹೀಗೆ ಏಳೆಂಟು ಸಲ ಆಗಿರಬೇಕು. ಆಮೇಲಿನ ಸಲ ಕೂತಾಗ ಸೀಟು ಒಂದು ಗೇಣು ಕುಸಿಯಿತು. ಬೋರಮ್ಮ ಗೇಟನ್ನು ತಬ್ಬಿ ಹಿಡಿದುಕೊಂಡಳು. ಮೆಂತ್ಯದ ಕಟ್ಟೆಲ್ಲ ರಸ್ತೆಗೆ ಚೆಲ್ಲಿತು, ಕೈಯ ಗಾಜಿನ ಬಳೆಯೊಂದು ಒಡೆಯಿತು, ದೇವರು ದೊಡ್ಡವನು, ಬೇರೇನೂ ಆಗಲಿಲ್ಲ. ಅಕ್ಕಯ್ಯಮ್ಮ ಲೋಟ ಬಿಟ್ಟು ಓಡಿ ಬಂದು ಅವಳನ್ನು ಹಿಡಿದುಕೊಂಡಳು.

"ನೀನು ಮಾಡಿದ್ದು ಹಿಂಗಿರ್ಲಿಲ್ಲ ಕಣವ್ವ," ಎಂದಳು ಬೋರಮ್ಮ, ಬಳೆಚೂರು ಆರಿಸುತ್ತ. "ಅದು ಕೂತ್ರೆ ಕಚ್ಕೊಂಡು ಹಿಡ್ಕೊಳ್ತಿತ್ತು."

ಜೀವನನ ಮುಖ ಸಣ್ಣದಾಯಿತು. ತಾನೇ ಏನೋ ಎಡವಟ್ಟು ಮಾಡಿದ್ದೇನೆಂದು ಅಂದುಕೊಂಡು, ಕೊಕ್ಕೆ ಬಿಚ್ಚಿ ಎಲ್ಲ ಕಡೆಯೂ ಅಳೆದ. ಎಲ್ಲ ಸರಿಯಿತ್ತು. ಮತ್ತೆ ಅಳೆದ, ಮತ್ತೂ ಸರಿಯಿತ್ತು. ಆಗ ಅಕ್ಕಯ್ಯಮ್ಮ ತಾನು ಮಾಡಿದ ಮೊದಲ ಕೊಕ್ಕೆಯನ್ನು ತರಿಸಿ, ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

ಜೀವನನ ಕೊಕ್ಕೆಯ ತುದಿ ಡ್ರಾಯಿಂಗಿನಲ್ಲಿದ್ದಂತೆ ಚಚ್ಚೌಕವಾಗಿತ್ತು. ತನ್ನದರ ಮೂಲೆ ಚೂರೇ ಚೂರು ದುಂಡಗಾಗಿತ್ತು, ಮುಖ ಒಳಕ್ಕೆ ಓರೆಯಾಗಿತ್ತು. ಚಚ್ಚೌಕದ ಮೂಲೆ ಹತ್ತರಲ್ಲಿ ಒಂದು ಸಲ ಕಚ್ಚಿನ ಅಂಚಿನ ಮೇಲೇ ಕೂತು, ಹಿಡಿದುಕೊಂಡ ಹಾಗೆ ನಾಟಕವಾಡುತ್ತದೆ, ಭಾರ ಬಿದ್ದ ಮೇಲೆ ಜಾರುತ್ತದೆ. ಓರೆ ಮಾಡಿದ್ದು ಭಾರ ಬಿದ್ದಷ್ಟೂ ಒಳಕ್ಕೆ ಇಳಿಯುತ್ತದೆ. ತಪ್ಪು ಡ್ರಾಯಿಂಗಿನಲ್ಲಿತ್ತು. ಅದನ್ನು ಅವಳ ಕಣ್ಣು ಮೊದಲ ದಿನವೇ ಹಿಡಿದಿತ್ತು, ಅವಳ ಕೈ ಅರ ಎತ್ತಿ ನಾಲ್ಕು ಏಟು ಎಳೆದು ಸರಿ ಮಾಡಿತ್ತು, ಅವಳ ಬಾಯಿ ಮಾತ್ರ ಯಾರಿಗೂ ಏನೂ ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೂ ಇರಲಿಲ್ಲ.

"ಎರಡು ಏಟು ಎಳೆದುಬಿಡಿ ಅತ್ತೆ," ಎಂದ ಜೀವನ್. "ನಿಮ್ಮ ಕೈ ಬಿದ್ರೆ ಸರಿ ಹೋಗುತ್ತೆ. ರಾಗಿಣಿ ಮೇಡಂ ಸಂಜೆ ಬರ್ತಾರೆ."

ಅವನು ಗೌರವದಿಂದಲೇ ಹೇಳಿದ್ದು. ಅಕ್ಕಯ್ಯಮ್ಮ ಕೊಕ್ಕೆಯನ್ನು ಬೆಂಚಿನ ವೈಸಿನ ದವಡೆಗೆ ಕಚ್ಚಿಸಿ ಅರವನ್ನೂ ಎತ್ತಿಕೊಂಡಳು. ಐದು ನಿಮಿಷದ ಕೆಲಸ. ಎರಡು ವಾಕರೂ ರಾಜಾಜಿನಗರಕ್ಕೆ ಹೋಗುತ್ತವೆ, ಎಲ್ಲರೂ ಭೇಷ್ ಎನ್ನುತ್ತಾರೆ, ಅವಳ ನಲವತ್ತು ವರ್ಷದ ಹೆಸರಿಗೆ ಒಂದು ಗೀರೂ ಬೀಳುವುದಿಲ್ಲ. ಡೈ ಮಾತ್ರ ಸೋಮವಾರ ಡ್ರಾಯಿಂಗ್ ನೋಡಿಕೊಂಡೇ ಕೆತ್ತಲಾಗುತ್ತದೆ. ಆ ಡೈಯಿಂದ ಮೊದಲ ಕಂತಿನಲ್ಲೇ ಮುನ್ನೂರು ಚಚ್ಚೌಕದ ಕೊಕ್ಕೆಗಳು ಬರುತ್ತವೆ.

ಅರ ಹಿಡಿದ ಕೈ ಹಾಗೇ ನಿಂತಿತು. ಎಷ್ಟೋ ವರ್ಷಗಳಿಂದ ಗಿರಾಕಿಗಳು ತನಗೆ ಹೇಳುತ್ತ ಬಂದ ಒಂದು ಮಾತು ಆಗ ಅವಳಿಗೆ ನೆನಪಾಯಿತು. ಫ್ಯಾಕ್ಟರಿಯಲ್ಲಿ ಮಾಡಿಸಿದ್ದು ನಿಮ್ಮ ಪೀಸಿನ ಥರ ಬರಲೇ ಇಲ್ಲ ಮೇಡಂ, ಎಂದು ಅವರು ಹೇಳುತ್ತಿದ್ದರು. ಅದನ್ನು ಅವಳು ಹೊಗಳಿಕೆ ಎಂದು ಮನೆಗೆ ಹೊತ್ತುಕೊಂಡು ಹೋಗಿ, ಊಟ ಮಾಡುವಾಗ ನೆನೆಸಿಕೊಂಡು ಖುಷಿಪಟ್ಟಿದ್ದಳು. ಡೈ ಮಾಡುವವರಿಗೆ ಕೆಲಸ ಬರುವುದಿಲ್ಲ ಎಂದು ಮೂಗು ಮುರಿದಿದ್ದಳು. ಅವರಿಗೆ ಕೆಲಸ ಬರುತ್ತಿತ್ತು. ತನ್ನ ಕೈ ಮಾಡಿದ್ದು ಅವರಿಗೆ ಸಿಕ್ಕ ಡ್ರಾಯಿಂಗಿನಲ್ಲಿ ಇರಲಿಲ್ಲ, ಅಷ್ಟೆ. ಅವಳು ಅರವನ್ನು ಕೆಳಗಿಟ್ಟು ರಾಗಿಣಿಗೆ ಫೋನ್ ಮಾಡಿ, ಸಂಜೆಯವರೆಗೆ ಕಾಯಬೇಡ, ಈಗಲೇ ಬಾ ಎಂದಳು.

ರಾಗಿಣಿ ಬಂದಾಗ ಅಕ್ಕಯ್ಯಮ್ಮ ಸುತ್ತಿ ಬಳಸಿ ಮಾತಾಡಲಿಲ್ಲ. ಜೀವನ್ ಮಾಡಿದ ಕೊಕ್ಕೆಯಿದ್ದ ವಾಕರಿನ ಮುಂದೆ ಅವಳನ್ನು ನಿಲ್ಲಿಸಿ, ಸೀಟು ಬಿಚ್ಚಿ ಎರಡೂ ಅಂಗೈಯೂರಿ ಒತ್ತಲು ಹೇಳಿದಳು. ಹನ್ನೊಂದನೆಯ ಸಲಕ್ಕೆ ಸೀಟು ಕುಸಿದು ರಾಗಿಣಿ ಮುಗ್ಗರಿಸಿದಳು. ಜೀವನ್ ಮೇಲೆ ಅವಳ ಕಣ್ಣು ಹೋಯಿತು. ಅಕ್ಕಯ್ಯಮ್ಮ ಆ ನೋಟಕ್ಕೆ ಅಡ್ಡ ಬಂದಳು.

"ಅವನು ಮಾಡಿರೋದೇ ಸರಿ. ನಿನ್ನ ಡ್ರಾಯಿಂಗ್ ಹೆಂಗಿದೆಯೋ ಹಂಗೇ ಮಾಡಿದಾನೆ. ತಪ್ಪಿರೋದು ನನ್ನ ಪೀಸು. ನಾನು ಅರ ಹಾಕಿ ತಿದ್ದಿದ್ದೆ, ನಿನಗೆ ಹೇಳಲಿಲ್ಲ."

ರಾಗಿಣಿ ಎರಡು ಕೊಕ್ಕೆಗಳನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದಳು. "ಅಂದ್ರೆ ಹತ್ತು ಸಾವಿರ ಸಲ ನಾವು ಟೆಸ್ಟ್ ಮಾಡಿದ್ದು ನನ್ನ ಡಿಸೈನ್ ಅಲ್ಲ ಆಂಟಿ, ನಿಮ್ಮ ಕೈನ," ಎಂದಳು. ದನಿಯಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ. "ಒಂದು ಮಾತು ಹೇಳ್ಬೇಕಿತ್ತಲ್ವಾ?"

"ಹೇಳ್ಬೇಕಿತ್ತು. ಹಿಂದೆ ಒಂದ್ಸಲ ಹೇಳಿದ್ದಕ್ಕೆ ನಿನಗೆ ಓದಕ್ಕೆ ಬರಲ್ಲ ಅಂದ್ರು. ಆಮೇಲೆ ಬಾಯಿ ಮುಚ್ಕೊಂಡು ತಿದ್ದೋದೇ ಅಭ್ಯಾಸ ಆಗೋಯ್ತು ಕಣಮ್ಮ. ನಲವತ್ತು ವರ್ಷ."

ಅಕ್ಕಯ್ಯಮ್ಮ ಅಳುವ ಜಾತಿಯಲ್ಲ, ಹಾಗಾಗಿ ವೈಸಿನ ಮೇಲಿನ ಲೋಹದ ಪುಡಿಯನ್ನು ಬ್ರಶ್ಶಿನಿಂದ ಗುಡಿಸತೊಡಗಿದಳು, ಅಲ್ಲಿ ಪುಡಿಯೇನೂ ಇರಲಿಲ್ಲ. ರಾಗಿಣಿ ಹೊರಗೆ ಹೋಗಿ ಡೈ ಮಾಡುವವರಿಗೆ ಫೋನ್ ಮಾಡಿ, ಸೋಮವಾರದ ಕೆಲಸವನ್ನು ನಿಲ್ಲಿಸಲು ಹೇಳಿದಳು. ಒಳಗೆ ಬಂದವಳು ಬ್ಯಾಗನ್ನು ಬೆಂಚಿನ ಮೇಲಿಟ್ಟು, ಹಾಗಾದರೆ ನಿಮ್ಮ ಕೈ ಏನು ಮಾಡಿತು ಅನ್ನುವುದನ್ನು ನನಗೆ ಅಂಕಿಯಲ್ಲಿ ಕೊಡಿ ಎಂದಳು. ಡ್ರಾಯಿಂಗ್ ಓದಲು ಬರುವುದಿಲ್ಲ ಎನಿಸಿಕೊಂಡವಳನ್ನು ಡ್ರಾಯಿಂಗ್ ಬರೆದವರು ಹೀಗೆ ಕೇಳಿದ್ದು ಅದೇ ಮೊದಲು.

ಕೇಳುವುದೇನೋ ಕೇಳಿದಳು, ಕೊಡುವುದು ಹೇಗೆ? ಎಷ್ಟು ಓರೆ ಎಂದು ಅಕ್ಕಯ್ಯಮ್ಮನಿಗೇ ಗೊತ್ತಿರಲಿಲ್ಲ. ಕೈಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ. ಕೊನೆಗೆ ಜೀವನ್ ಹತ್ತು ಚಚ್ಚೌಕದ ಕೊಕ್ಕೆಗಳನ್ನು ಮಾಡಿ ಕೊಟ್ಟ. ದಿನಕ್ಕೆರಡರಂತೆ, ಹಿಂದಿನದನ್ನು ನೋಡದೆ, ಅಳೆಯದೆ, ಅಕ್ಕಯ್ಯಮ್ಮ ಹತ್ತಕ್ಕೂ ತನಗೆ ತೋಚಿದಂತೆ ಅರ ಹಾಕಿದಳು. ಆರನೆಯ ದಿನ ಮೂವರೂ ಕಾಮಾಕ್ಷಿಪಾಳ್ಯದಲ್ಲಿ ಅಳತೆ ಮಾಡಿಕೊಡುವ ಒಂದು ಕಡೆಗೆ ಹೋದರು. ಅಲ್ಲಿ ವಸ್ತುವಿನ ನೆರಳನ್ನು ಇಪ್ಪತ್ತು ಪಟ್ಟು ದೊಡ್ಡದಾಗಿ ಗಾಜಿನ ಮೇಲೆ ಬೀಳಿಸುವ ಯಂತ್ರವಿದೆ. ಹೆಬ್ಬೆರಳಷ್ಟಿದ್ದ ಕೊಕ್ಕೆಯ ಬರೀ ತುದಿಯೇ ಗಾಜಿನ ಮೇಲೆ ಅಂಗೈಯಗಲ ಕಂಡಿತು.

ಒಂದೊಂದಾಗಿ ಹತ್ತು ನೆರಳುಗಳು ಬಂದು ಹೋದವು. ಮೂರೂವರೆ ಡಿಗ್ರಿ. ನಾಲ್ಕು. ನಾಲ್ಕು. ನಾಲ್ಕೂಕಾಲು. ಮತ್ತೆ ನಾಲ್ಕು. ಹತ್ತರಲ್ಲಿ ಒಂದೂ ಮೂರಕ್ಕಿಂತ ಕೆಳಗಿಳಿಯಲಿಲ್ಲ, ಒಂದೂ ಐದನ್ನು ದಾಟಲಿಲ್ಲ. ಯಂತ್ರ ನಡೆಸುವವನು ಇದನ್ನು ಯಾವ ಮೆಷಿನ್ನಿನಲ್ಲಿ ಮಾಡಿದ್ದು ಎಂದು ಕೇಳಿದ. ಜೀವನ್ ಅತ್ತೆಯ ಕಡೆ ಕೈ ತೋರಿಸಿದ. ರಾಗಿಣಿ ಅಕ್ಕಯ್ಯಮ್ಮನ ಬಲಗೈಯನ್ನು ತೆಗೆದುಕೊಂಡು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡಳು.

ಅಕ್ಕಯ್ಯಮ್ಮನಿಗೆ ಹೆಮ್ಮೆಯಾಯಿತು, ಇಲ್ಲವೆಂದರೆ ಸುಳ್ಳು. ಅದರ ಹಿಂದೆಯೇ ಒಂದು ಬೇಜಾರೂ ಬಂತು. ಇಷ್ಟು ವರ್ಷ ತನ್ನೊಬ್ಬಳ ಹತ್ತಿರವಿದ್ದದ್ದು ಈಗ ನಾಲ್ಕು ಡಿಗ್ರಿ, ಒಂದು ಹೆಚ್ಚು, ಒಂದು ಕಡಿಮೆ ಎಂದು ಕಾಗದದ ಮೇಲೆ ಕೂತಿತ್ತು. ಇನ್ನು ಮುಂದೆ ಅದನ್ನು ಯಾರು ಬೇಕಾದರೂ ಮಾಡಬಹುದು. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ವಿಜಯನಗರ ದಾಟುವ ಹೊತ್ತಿಗೆ ಬೇಜಾರು ಅರ್ಧ ಕರಗಿತ್ತು. ಯಾರು ಬೇಕಾದರೂ ಮಾಡಲಿ ಎಂದೇ ಅಲ್ಲವೇ ಮೊದಲ ಪೀಸು ಮಾಡುವುದು, ಎಂದು ತನಗೆ ತಾನೇ ಹೇಳಿಕೊಂಡಳು. ಉಳಿದರ್ಧ ಇವತ್ತಿಗೂ ಇರಬಹುದು.

ಹೊಸ ಡ್ರಾಯಿಂಗ್ ಬಂದ ಮೇಲೆ ಜೀವನ್ ಮೂರು ಕೊಕ್ಕೆ ಮಾಡಿದ. ಒಂದು ಮೂರು ಡಿಗ್ರಿಯದು, ಒಂದು ನಾಲ್ಕರದು, ಒಂದು ಐದರದು. ಮೋಟಾರು ಕಟ್ಟಿ ಮೂರನ್ನೂ ಹತ್ತತ್ತು ಸಾವಿರ ಸಲ ಕುಣಿಸಿದರು, ಒಂದೂ ತಪ್ಪಲಿಲ್ಲ. ಅಷ್ಟು ದಿನವೂ ಅಕ್ಕಯ್ಯಮ್ಮ ತನ್ನ ಅರಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಬೋರಮ್ಮನ ಎಲೆಅಡಿಕೆ ಚೀಲದಲ್ಲಿ ಇಡಿಸಿದ್ದಳು. ತನ್ನ ಕೈಯನ್ನು ತಾನೇ ನಂಬುವ ಹಾಗಿರಲಿಲ್ಲ. ಶೆಡ್ಡಿನಲ್ಲಿ ಆಗಿನಿಂದ ಇನ್ನೊಂದು ಪದ್ಧತಿಯೂ ಶುರುವಾಯಿತು. ಅವಳು ಎಲ್ಲಿ ಅರ ಹಾಕಿದರೂ ಡ್ರಾಯಿಂಗಿನ ಮೇಲೆ ಆ ಜಾಗಕ್ಕೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ, ಇಲ್ಲಿ ತಪ್ಪಿದೆ ಎಂದು ದೊಡ್ಡದಾಗಿ ಬರೆಯುತ್ತಾಳೆ. ಓದಲು ಬರುವುದಿಲ್ಲ ಎಂದು ಈಗ ಯಾರಾದರೂ ಅನ್ನಲಿ ನೋಡೋಣ.

ಮೂರು ತಿಂಗಳಾದ ಮೇಲೆ, ಡೈಯಿಂದ ಬಂದ ಮೊದಲ ಕೊಕ್ಕೆಗಳಲ್ಲಿ ಒಂದನ್ನು ಹಾಕಿದ ವಾಕರನ್ನು ರಾಗಿಣಿ ಆಟೋದಲ್ಲಿ ತಂದು ಗೇಟಿನ ಬಳಿ ಇಳಿಸಿದಳು. ಅಕ್ಕಯ್ಯಮ್ಮ ಸೀರೆಯ ಮೇಲೆ ಹಾಕಿಕೊಂಡಿದ್ದ ಕೋಟಿಗೆ ಕೈ ಒರೆಸುತ್ತ ಹೊರಗೆ ಬಂದಳು. ವಾಕರಿನ ಹತ್ತಿರಕ್ಕೂ ಹೋಗದೆ ಮಾರು ದೂರದಲ್ಲೇ ನಿಂತಳು.

ಬೋರಮ್ಮ ಎದ್ದು ಬಂದು ಸೀಟು ಬಿಚ್ಚಿದಳು. ಕಟಕ್ ಎಂದಿತು. ಕೂರಲಿಲ್ಲ. ಒಡೆದ ಬಳೆ ಅವಳಿಗೆ ಮರೆತಿರಲಿಲ್ಲ.

"ನೀನು ಕೈ ಹಾಕಿದೀಯಾ ಇದಕ್ಕೆ?"

"ಇಲ್ಲ ಬೋರಕ್ಕ. ಮುಟ್ಟೇ ಇಲ್ಲ."

"ನೀನು ಮುಟ್ಟಿದ್ರೆ ಧೈರ್ಯವಾಗಿ ಕೂರ್ತಿದ್ದೆ ಕಣವ್ವ."

ನಲವತ್ತು ವರ್ಷದಲ್ಲಿ ಅಕ್ಕಯ್ಯಮ್ಮನಿಗೆ ಇಷ್ಟು ದೊಡ್ಡ ಸರ್ಟಿಫಿಕೇಟನ್ನು ಯಾರೂ ಕೊಟ್ಟಿರಲಿಲ್ಲ. ಅದನ್ನು ಈಗ ಬೇಡವೆನ್ನಬೇಕಾಗಿತ್ತು. ಅವಳು ಕೋಟಿನ ಜೇಬಿನೊಳಗೆ ಕೈ ಮುಷ್ಟಿ ಮಾಡಿಕೊಂಡಳು.

"ಮುನ್ನೂರು ಜನ ಕೂರ್ತಾರೆ ಬೋರಕ್ಕ. ಅವರಿಗೆಲ್ಲ ನಾನು ಎಲ್ಲಿ ಸಿಗ್ತೀನಿ?"

ಬೋರಮ್ಮ ಅವಳ ಮುಖ ನೋಡಿದಳು, ವಾಕರು ನೋಡಿದಳು, ಆಮೇಲೆ ಎರಡು ಕೈಯೂರಿ ಮೆಲ್ಲಗೆ ಭಾರ ಬಿಟ್ಟಳು. ಎದ್ದಳು, ಮಡಿಸಿ ಬಿಚ್ಚಿದಳು, ಕೂತಳು. ಇಪ್ಪತ್ತು ಸಲವಾದರೂ ಆಗಿರಬೇಕು. ರಾಗಿಣಿ ತುಟಿ ಕಚ್ಚಿಕೊಂಡು ಎಣಿಸುತ್ತಿದ್ದಳು. ಕೊನೆಯ ಸಲ ಕೂತವಳು ಮತ್ತೆ ಏಳಲಿಲ್ಲ. ಮಂಡಿ ನೀವಿಕೊಂಡು, ಸೆರಗು ಸರಿ ಮಾಡಿಕೊಂಡು, ಸುಮ್ಮನೆ ನಿಂತಿದ್ದೀಯಲ್ಲ, ಆ ಸೊಪ್ಪಿನ ಬುಟ್ಟಿಯನ್ನು ಈ ಕಡೆ ಎಳೆದುಕೊಡು ಎಂದು ಅಕ್ಕಯ್ಯಮ್ಮನಿಗೆ ಹೇಳಿದಳು.